ಅಂಗಾಲಿನ ಕಿವಿ

ಐವತ್ತೆಂಟನೇ ಇಸವಿಯ ಮಾತು. ರೈಲಿನ ಇಂಜಿನ್ ಹತ್ತಿದ ಕೂಡಲೇ ಡ್ರೈವರ್ ಪುಟ್ಟಯ್ಯನವರು ಎಡಗಾಲಿನ ಬೂಟು ಬಿಚ್ಚಿಡುತ್ತಿದ್ದರು. ಕಬ್ಬಿಣದ ನೆಲವೋ, ಕಾದ ಕಾವಲಿ. ಆದರೂ ಬರಿಗಾಲು! ಯಾಕಪ್ಪಾ ಅಂತ ಫೈರ್‌ಮನ್ ನಸರುಲ್ಲಾನಿಗೆ ತಲೆ ಕೆಟ್ಟುಹೋಗಿತ್ತು. ಭದ್ರಾವತಿಯಿಂದ ಶಿವಮೊಗ್ಗದವರೆಗೂ ಬೆಂಕಿಗೆ ಕಲ್ಲಿದ್ದಲು ಎರಚುತ್ತಾ ಅದೇ ಯೋಚನೆ. ಕೇಳೋಣವೆಂದರೆ ಆ ಗದ್ದಲದಲ್ಲಿ ಮಾತೆಲ್ಲಿ? ಎಲ್ಲಾ ಕೈಸನ್ನೆ. ಮುಷ್ಟಿ ಎತ್ತಿದರೆ ನೀರು, ಬೆರಳು ತೋರಿಸಿದರೆ ಅಷ್ಟು ಸಲಿಕೆ ಕಲ್ಲಿದ್ದಲು.

ಶಿವಮೊಗ್ಗದಲ್ಲಿ ಇಂಜಿನ್ನಿನವರು ಮಲಗುವ ರನ್ನಿಂಗ್ ರೂಮಿನಲ್ಲಿ ಇನ್ನೊಂದು ವಿಚಿತ್ರ. ಕಿಟಕಿ ಪಕ್ಕದ ಮಂಚ ಖಾಲಿಯಿದ್ದರೂ ಈ ಮನುಷ್ಯ ಬಾಗಿಲ ಪಕ್ಕದ ತಿಗಣೆ ಮಂಚವನ್ನೇ ಹಿಡಿದು, ಅಂಗಾಲನ್ನು ಬಾಗಿಲ ಹಲಗೆಗೆ ಒತ್ತಿಕೊಂಡು ಗೊರಕೆ ಹೊಡೆಯುತ್ತಿದ್ದರು. ಒಂದು ಮಧ್ಯಾಹ್ನ ನಸರುಲ್ಲಾ ತಡೆಯಲಾರದೆ, ಅವರು ಮಲಗಿದ್ದ ಹಾಗೇ ಮಂಚವನ್ನು ಬಾಗಿಲಿನಿಂದ ಮೆಲ್ಲಗೆ ಈಚೆಗೆ ಎಳೆದ. ಡ್ಯೂಟಿಗೆ ಕರೆಯುವವನು ಬಂದು ಬಾಗಿಲು ಮುರಿಯುವ ಹಾಗೆ ಬಡಿದ. ಪುಟ್ಟಯ್ಯನವರು ಮಿಸುಕಲೇ ಇಲ್ಲ.

ನಸರುಲ್ಲಾ ಅವರನ್ನು ಅಲ್ಲಾಡಿಸಿ ಎಬ್ಬಿಸಿ, "ನಿಮಗೆ ಕಿವಿ ಕೇಳಲ್ವಾ ಪುಟ್ಟಯ್ಯನೋರೆ?" ಅಂತ ಕೂಗಿದ.

ಅವರ ಮುಖ ಬಿಳಿಚಿಕೊಂಡಿತು. "ಮೆಲ್ಲಗೆ ಮಾತಾಡೋ! ಇಂಜಿನ್ನಿನ ಸದ್ದೆಲ್ಲ ನಂಗೆ ಕಾಲಲ್ಲೇ ಗೊತ್ತಾಗುತ್ತೆ. ಆದ್ರೆ ಸೋಮವಾರ ಡಾಕ್ಟರ ಹತ್ರ ಕಿವಿ ಪರೀಕ್ಷೆ. ಫೇಲಾದ್ರೆ ಇಂಜಿನ್ನಿಂದ ಇಳಿಸಿಬಿಡ್ತಾರೆ. ಅದು ಬಿಟ್ರೆ ನಂಗೆ ಬೇರೇನು ಬರುತ್ತೆ ಹೇಳು?"

ನಸರುಲ್ಲಾನಿಗೆ ಕರುಳು ಚುರ್ ಅಂತು. "ನಾನಿಲ್ವಾ! ಡಾಕ್ಟ್ರು ಬೆನ್ನ ಹಿಂದೆ ನಿಂತು ಪಿಸುಗುಡೋದು ಬರೀ ಅಂಕಿ. ನಾನು ಬಾಗಿಲಲ್ಲಿ ನಿಂತು ಬೆರಳು ತೋರಿಸ್ತೀನಿ."

ಸೋಮವಾರ ರೈಲ್ವೆ ಆಸ್ಪತ್ರೆಯಲ್ಲಿ ಪುಟ್ಟಯ್ಯನವರು ಬಾಗಿಲಿಗೆ ಮುಖ ಮಾಡಿ ನಿಂತರು. ಅವರ ಹಿಂದೆ, ಕಾಗದದ ಮೇಲೆ ಕಣ್ಣಿಟ್ಟ ಡಾಕ್ಟರು. ಬಾಗಿಲಲ್ಲಿ ನಸರುಲ್ಲಾ, ಪಕ್ಕದಲ್ಲಿ ಜವಾನ ಕರಿಯಣ್ಣ. ಡಾಕ್ಟರ ತುಟಿ ಅಲ್ಲಾಡಿತು. ನಸರುಲ್ಲಾ ಕೈ ಎತ್ತಿ ಕಾದ. ತುಟಿ ಮತ್ತೆ ಅಲ್ಲಾಡಿತು. ಪುಟ್ಟಯ್ಯನವರು ಅವನ ಬೆರಳನ್ನೇ ನೋಡುತ್ತಿದ್ದರು.

"ಇವರೇನು ಇನ್ನೂ ಶುರುವೇ ಮಾಡ್ಲಿಲ್ಲ?" ಅಂತ ನಸರುಲ್ಲಾ ಗೊಣಗಿದ.

ಕರಿಯಣ್ಣ ಅವನ ಕಿವಿಗೇ ಬಾಯಿಟ್ಟು, "ಆಗ್ಲೇ ಎರಡು ಸಲ ಒಂಬತ್ತು ಅಂದ್ರಲ್ಲೋ ಮಾರಾಯ!" ಅಂದ.

ಎತ್ತಿದ ಕೈ ಹಾಗೇ ನಿಂತುಬಿಟ್ಟಿತು. ಪುಟ್ಟಯ್ಯನವರಾದ ಮೇಲೆ ಮುಂದಿನ ಪರೀಕ್ಷೆ ನಸರುಲ್ಲಾನದೇ. ಅವನ ಮುಖ ನೋಡಿಯೇ ಪುಟ್ಟಯ್ಯನವರಿಗೆ ಎಲ್ಲಾ ಅರ್ಥವಾಯಿತು.

"ಕೇಳಿಸ್ತಿಲ್ಲ ಸ್ವಾಮಿ" ಅಂತ ಡಾಕ್ಟರಿಗೆ ತಾವೇ ಹೇಳಿಬಿಟ್ಟರು. ಆಮೇಲೆ ಇಂಜಿನ್ನಿನ ಮೇಲೆ ಮಾಡುವ ಹಾಗೇ ಕೈಸನ್ನೆ ಮಾಡಿ, ಇನ್ನು ಮೇಲೆ ನೀನೂ ಬಿಚ್ಚು ಅನ್ನುವಂತೆ ನಸರುಲ್ಲಾನ ಎಡಗಾಲಿನ ಬೂಟು ತೋರಿಸಿದರು.