ಗುಂಯ್ ಅನ್ನದ ಫ್ಯಾನು

ಬುಧವಾರ ಬೆಳಿಗ್ಗೆ ಬಂದ ಮೇಲ್ ಓದಿ ಗಿಣಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಧ್ವನಿ ಚೆನ್ನಾಗಿದೆ. ಆದರೆ ಹಿಂದೆ ಗುಂಯ್ ಎನ್ನುವ ಸದ್ದು ಹಾಗೇ ಇದೆ. ನಾಳೆ ಸಂಜೆ ಐದರೊಳಗೆ ಸದ್ದಿಲ್ಲದ ರೆಕಾರ್ಡಿಂಗ್ ಬರದಿದ್ದರೆ ಕಾದಂಬರಿ ಬೇರೆಯವರ ಪಾಲಾಗುತ್ತದೆ."

ಎರಡನೇ ಸಲ! ಕೇಳುವ ಪುಸ್ತಕಗಳನ್ನು ಮಾಡುವ ಆ ಸಂಸ್ಥೆ ಹನ್ನೆರಡು ಅಧ್ಯಾಯದ ಕಾದಂಬರಿಯೊಂದಕ್ಕೆ ದನಿ ಹುಡುಕುತ್ತಿತ್ತು, ಹತ್ತು ನಿಮಿಷದ ಮಾದರಿ ಓದು ಕೇಳಿತ್ತು. ಗಿಣಿಗೆ ಹುಟ್ಟಿನಿಂದ ಬಂದ ವಿದ್ಯೆ ಒಂದೇ, ಮಾತು. ಮನೆಯವರು ಆ ಹೆಸರಿಟ್ಟಿದ್ದು ಅದಕ್ಕೇ, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದೂ ಅದಕ್ಕೇ. ಈಗ ಅದೇ ಬಾಯಿಗೆ ಕೆಲಸ ಕೊಡಲು ಯಾರೋ ಮುಂದೆ ಬಂದಿದ್ದರೆ, ನಡುವೆ ಈ ಹಳೇ ಕಂಪ್ಯೂಟರು ಜೇನುಗೂಡಿನ ಹಾಗೆ ಮೊರೆಯುತ್ತಿತ್ತು.

ಮಾಡದ ಉಪಾಯವಿರಲಿಲ್ಲ. ಸಿಪಿಯು ಡಬ್ಬಕ್ಕೆ ಕಂಬಳಿ ಹೊದಿಸಿದಳು, ಡಬ್ಬಕ್ಕೆ ಜ್ವರ ಬಂತು. ಒಳಗಿನ ಫ್ಯಾನುಗಳ ವೈರು ಕಿತ್ತಳು, ನಾಲ್ಕನೇ ನಿಮಿಷಕ್ಕೆ ಕಂಪ್ಯೂಟರು ಕಾದು ತಾನಾಗೇ ಆರಿಹೋಗಿ ಓದಿದ್ದನ್ನೆಲ್ಲ ನುಂಗಿಕೊಂಡಿತು. ಪಕ್ಕದ ಕೋಣೆಗೆ ತಳ್ಳೋಣವೆಂದರೆ ಗೆಳತಿಯಿಂದ ತಂದ ಮೈಕಿನ ವೈರು ಮೊಳದುದ್ದ. ಉಳಿದದ್ದು ಒಂದೇ ದಾರಿ, ಸದ್ದಿಲ್ಲದ ಹೊಸ ಫ್ಯಾನು.

"ದೊಡ್ಡಪ್ಪನ್ನ ಕರ್ಕೊಂಡು ಹೋಗೇ. ಮೂವತ್ತು ವರ್ಷ ಮೆಷೀನ್ ಜೊತೆ ಸಂಸಾರ ಮಾಡಿದೋರು," ಎಂದಳು ಅಮ್ಮ.

ತೊಂದರೆ ಇದ್ದದ್ದೇ ಅಲ್ಲಿ. ದೊಡ್ಡಪ್ಪ ಜನರೇಟರ್ ಮೆಕ್ಯಾನಿಕ್. ಮೂವತ್ತು ವರ್ಷ ಆ ಆರ್ಭಟಕ್ಕೆ ಕಿವಿ ಕೊಟ್ಟು ಕೊಟ್ಟು ಅರ್ಧ ಕಿವಿ ಅಲ್ಲೇ ಬಿಟ್ಟು ಬಂದಿದ್ದರು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಅವರೊಬ್ಬರನ್ನು ಬಿಟ್ಟು. ಅವರ ಪ್ರಕಾರ ಟೀವಿಯವರು ಇತ್ತೀಚೆಗೆ ಗೊಣಗುತ್ತಾರೆ, ಫೋನಿನ ಕಂಪನಿಯವರು ಮೋಸ ಮಾಡುತ್ತಾರೆ, ಈಗಿನ ಮಕ್ಕಳಿಗೆ ಬಾಯಿ ಬಿಟ್ಟು ಮಾತಾಡಲು ಬರುವುದಿಲ್ಲ. ಹಿರಿಯರಿಗೆ ಹೇಗೆ ಹೇಳುವುದೆಂದು ಮನೆಮಂದಿಯೆಲ್ಲ ಕೂಗಿ ಮಾತಾಡುವುದನ್ನೇ ರೂಢಿ ಮಾಡಿಕೊಂಡಿದ್ದರು.

"ಅಮ್ಮಾ, ಸದ್ದಿಲ್ಲದ ಫ್ಯಾನ್ ಆರಿಸೋಕೆ ದೊಡ್ಡಪ್ಪನಾ?"

"ಶ್! ಮೆಲ್ಲಗೆ. ಅವ್ರಿಗೆ ಕೇಳ್ಸುತ್ತೆ."

"ಕೇಳ್ಸಿದ್ರೆ ನಂಗೇನು ಕಷ್ಟ ಇತ್ತು ಹೇಳು!"

ಅಷ್ಟರಲ್ಲಿ ದೊಡ್ಡಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಾಗಿತ್ತು.

ಕಂಪ್ಯೂಟರ್ ಅಂಗಡಿಯ ಪಕ್ಕದಲ್ಲೇ ಕಬ್ಬಿಣದ ಗೇಟು ಮಾಡುವ ವರ್ಕ್‌ಶಾಪು. ಅಲ್ಲಿ ಕಂಬಿ ಕೊಯ್ಯುವ ಮೆಷೀನು ಕಿರ್ರೋ ಎಂದು ಊರನ್ನೇ ಸೀಳುತ್ತಿತ್ತು. ಆ ಗಲಾಟೆಯಲ್ಲಿ ಅಂಗಡಿಯಾತ ಒಂದೊಂದೇ ಫ್ಯಾನು ಹಚ್ಚಿ ತೋರಿಸಿದ. ಒಂದಕ್ಕಿಂತ ಒಂದು ಮೂಕ.

"ನೋಡಿ ಮೇಡಂ, ಒಂಚೂರೂ ಸೌಂಡಿಲ್ಲ."

"ಏನಂದ್ರಿ?"

"ಸೌಂಡಿಲ್ಲಾ ಅಂದೇ!"

ಅಗಲವಾದ ಫ್ಯಾನು ನಿಧಾನಕ್ಕೆ ತಿರುಗಿದರೂ ಸಾಕಷ್ಟು ಗಾಳಿ ಕೊಡುತ್ತದೆ, ಹಾಗಾಗಿ ಸದ್ದು ಕಡಿಮೆ ಎಂದು ಗಿಣಿ ಫೋನಿನಲ್ಲಿ ಓದಿಕೊಂಡು ಬಂದಿದ್ದಳು. ಬೂದು ಬಣ್ಣದ ಅಗಲದ ಜೋಡಿಯೊಂದನ್ನು ತೋರಿಸಿದಳು. ದೊಡ್ಡಪ್ಪ ಅದರ ಮುಂದೆ ಅಂಗೈ ಹಿಡಿದು ಮುಖ ಸಿಂಡರಿಸಿದರು.

"ಇದೇನೇ ಇದು, ಮಗು ಊದಿದಂಗಿದೆ! ಮೆಷೀನ್ ತಣ್ಣಗಾಗೋದು ಬೇಡ್ವಾ? ಇದು ನೋಡು, ಇದು!" ಎಂದು ಕೆಂಪು ನೀಲಿ ದೀಪ ಹೊತ್ತು ಗಿರಗಿರನೆ ಸುತ್ತುತ್ತಿದ್ದ ಸಣ್ಣ ಫ್ಯಾನನ್ನು ಕಿವಿಗೆ ಹಿಡಿದರು. "ಗಾಳಿ ಅಂದ್ರೆ ಗಾಳಿ. ಸದ್ದಂತೂ ಸೊನ್ನೆ. ಎರಡು ಕಟ್ಟಪ್ಪಾ!"

ಗಿಣಿ ಬಾಯಿ ತೆರೆದಳು. ಪಕ್ಕದಲ್ಲಿ ಕಿರ್ರೋ ಎಂದಿತು. ಮುಚ್ಚಿದಳು.

ಮನೆಗೆ ಬಂದು ಕೂರಿಸಿ ಸ್ವಿಚ್ ಒತ್ತಿದರೆ, ಮೊದಲಿನ ಜೇನುಗೂಡಿಗೆ ಯಾರೋ ಕಲ್ಲು ಹೊಡೆದಂತಾಯಿತು.

"ನೋಡ್ದ್ಯಾ!" ದೊಡ್ಡಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಸೂಜಿ ಬಿದ್ರೂ ಕೇಳ್ಸುತ್ತೆ ಈಗ!"

ಎರಡು ವಾರದಿಂದ ತಡೆದುಕೊಂಡು ಬಂದ ಸಿಟ್ಟು ಗಿಣಿಯ ಬಾಯಲ್ಲಿ ಒಡೆಯಿತು. "ಎಲ್ಲಿ ಕೇಳ್ಸುತ್ತೆ ದೊಡ್ಡಪ್ಪ? ನಿಮ್ಗೆ ಬಕೆಟ್ ಬಿದ್ರೂ ಕೇಳ್ಸಲ್ಲ! ನಿಮ್ಗೆ ಕಿವೀನೇ ಕೇಳ್ಸಲ್ಲ!"

ಅಡುಗೆಮನೆಯಲ್ಲಿ ಅಮ್ಮನ ಸೌಟು ನಿಂತಿತು. ಈ ಮಾತು ಮಾತ್ರ ದೊಡ್ಡಪ್ಪನಿಗೆ ಒಂದಕ್ಷರ ಬಿಡದಂತೆ ಕೇಳಿಸಿತ್ತು. ಸ್ಕ್ರೂಡ್ರೈವರು ಜೇಬಿಗಿಟ್ಟುಕೊಂಡು ಹೊರಗೆ ಹೋದರು.

ಗುರುವಾರ ಗಿಣಿ ಒಬ್ಬಳೇ ಹೋದಳು, ಗೇಟಿನವರು ಬಾಗಿಲು ತೆಗೆಯುವ ಮೊದಲೇ. ಬೂದು ಜೋಡಿಯನ್ನು ಬದಲಿಸಿಕೊಂಡು ಬಂದಳು. ಪುಣ್ಯಕ್ಕೆ ಡಬ್ಬದಲ್ಲಿ ಎರಡೂ ಅಳತೆಗೆ ತೂತುಗಳಿದ್ದವು. ಬೆರಳು ಕೊಯ್ದುಕೊಂಡು, ಎರಡು ಸ್ಕ್ರೂ ಕಳೆದುಕೊಂಡು, ಮೂರು ಗಂಟೆಗೆ ಸ್ವಿಚ್ ಒತ್ತಿದಳು. ಗುಂಯ್ ಹೋಗಿತ್ತು. ಅದರ ಜಾಗದಲ್ಲಿ ಹ್ಞೂಂ ಬಂದು ಕೂತಿತ್ತು, ಕೆಳದನಿಯ ಹಟಮಾರಿ ಹ್ಞೂಂ. ಅಂಗಡಿಗೆ ಫೋನು ಮಾಡಿದರೆ, "ಇದಕ್ಕಿಂತ ಸೈಲೆಂಟ್ ಬೇಕಂದ್ರೆ ಫ್ಯಾನ್ ಹಾಕ್ದೆ ಇರ್ಬೇಕು ಮೇಡಂ," ಎಂದ.

ಗಿಣಿ ನೆಲದ ಮೇಲೆ ಕೂತು ಡಬ್ಬವನ್ನು ಬೈಯತೊಡಗಿದಳು. ಅತ್ತರೆ ದನಿ ಕಟ್ಟುತ್ತದೆ, ಅಳುವ ಹಾಗೂ ಇಲ್ಲ. ನಿನ್ನೆಯಿಂದ ಮಾತು ಬಿಟ್ಟಿದ್ದ ದೊಡ್ಡಪ್ಪ ಬಾಗಿಲಲ್ಲಿ ಕಾಣಿಸಿಕೊಂಡರು.

"ಕಿವುಡ ಒಳಗೆ ಬರ್ಬೋದಾ?"

"ದೊಡ್ಡಪ್ಪಾ, ನಾನು..."

"ಸುಮ್ನಿರು. ಏನೂ ಕೇಳ್ಸಲ್ಲ ನಂಗೆ."

ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತು ಸ್ಕ್ರೂಡ್ರೈವರಿನ ತುದಿಯನ್ನು ಫ್ಯಾನಿನ ಚೌಕಟ್ಟಿಗೆ ಊರಿದರು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರು. ಕಣ್ಣು ಮುಚ್ಚಿದರು. ಆಮೇಲೆ ತುದಿಯನ್ನು ಡಬ್ಬದ ತಗಡಿಗೆ ಸರಿಸಿದರು. ಇಂಜಿನ್ನಿನ ಯಾವ ಬೇರಿಂಗ್ ಸವೆದಿದೆ ಎಂದು ಅವರು ಹುಡುಕುತ್ತಿದ್ದದ್ದು ಹೀಗೆಯೇ.

"ಫ್ಯಾನಿನ ತಪ್ಪಿಲ್ಲ ಕಣೆ. ಅದು ಪಾಪ, ಒಂಚೂರು ನಡುಗ್ತಿದೆ ಅಷ್ಟೇ. ನೀನು ತಗಡಿಗೆ ಬಿಗಿದಿದ್ದೀಯಲ್ಲ, ತಗಡು ಅದ್ನ ಹಿಡ್ಕೊಂಡು ತಮಟೆ ಬಡೀತಿದೆ. ಜನರೇಟರ್‌ನ ಯಾವೋನಾದ್ರೂ ರಬ್ಬರ್ ಇಲ್ದೆ ಕೂರಿಸ್ತಾನಾ?"

ಸೈಕಲ್ಲಿನ ಹಳೇ ಟ್ಯೂಬು ಕತ್ತರಿಸಿ ಎಂಟು ಪುಟ್ಟ ಬಿಲ್ಲೆ ಮಾಡಿದರು. ಪ್ರತಿ ಸ್ಕ್ರೂವಿನ ಜಾಗದಲ್ಲೂ ಫ್ಯಾನಿಗೂ ತಗಡಿಗೂ ನಡುವೆ ರಬ್ಬರು ಕೂತಿತು. ಸ್ವಿಚ್ ಒತ್ತಿದಾಗ ಗಿಣಿ ಕಂಪ್ಯೂಟರು ಕೆಟ್ಟೇಹೋಯಿತೆಂದು ಬೆಚ್ಚಿದಳು. ಪರದೆ ಬೆಳಗಿತು.

"ಆಯ್ತಾ?"

"ಆಯ್ತು ದೊಡ್ಡಪ್ಪಾ!" ಗಿಣಿಯ ಕಣ್ಣು ತುಂಬಿತು. "ನಿನ್ನೆ ಅಂದಿದ್ದು ತಪ್ಪಾಯ್ತು."

"ಜೋರಾಗಿ ಹೇಳು."

"ತಪ್ಪಾಯ್ತೂ!"

"ಹ್ಞಾಂ. ಓದು ಹೋಗು, ನಾಲ್ಕೂವರೆ ದಾಟ್ತು."

ಕಿವಿಗೆ ಹೆಡ್‌ಫೋನು ಬಿಗಿದು, ಬಾಗಿಲು ಮುಚ್ಚಿ, ಗಿಣಿ ಹತ್ತು ನಿಮಿಷ ಒಂದೇ ಉಸಿರಿಗೆ ಓದಿದಳು. ಮತ್ತೆ ಕೇಳಿ ನೋಡಲು ಹೊತ್ತಿರಲಿಲ್ಲ. ಐದಕ್ಕೆ ಆರು ನಿಮಿಷವಿರುವಾಗ ಕಳಿಸಿದಳು. ಐದೂಕಾಲಿಗೆ ಉತ್ತರ ಬಂತು.

"ಗುಂಯ್ ಇಲ್ಲ. ಕಾದಂಬರಿ ನಿಮ್ಮದು. ಆದರೆ ಎಂಟನೇ ನಿಮಿಷದಲ್ಲಿ, ನಾಯಕಿ ಸಾಯುತ್ತಿರುವಾಗ, ಗಂಡಸೊಬ್ಬರು 'ಗಾಳಿ ಸರಿಯಾಗಿ ಬರ್ತಿದ್ಯಾ?' ಎಂದು ಕೇಳುತ್ತಾರೆ. ದಯವಿಟ್ಟು ಅದನ್ನು ತೆಗೆದು ಕಳಿಸಿ."

"ದೊಡ್ಡಪ್ಪಾ!" ಗಿಣಿ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. "ನಾನು ಓದುವಾಗ ಬಾಗಿಲು ತೆಗೆದ್ರಾ ನೀವು?"

"ಒಂಚೂರು ಇಣುಕಿದೆ ಅಷ್ಟೇ ಕಣೆ," ದೊಡ್ಡಪ್ಪ ನಿಜಕ್ಕೂ ಅಚ್ಚರಿಪಟ್ಟರು. "ಪಿಸುಗುಟ್ಟಿದ್ದು! ಅದು ಹ್ಯಾಗೆ ಕೇಳ್ಸಿತು ಅವ್ರಿಗೆ?"