ದೇವರ ಜಗಲಿಯ ಮೇಲಿನ ಗುಳಿಗೆ

ಶಾಂಭವಿಗೆ ಅಣ್ಣನ ಮೇಲೆ ಬಂದ ಸಿಟ್ಟು ಸಿರುಗುಪ್ಪದಿಂದ ಅವನೂರು ಕುರುಗೋಡಿನವರೆಗೂ ಇಳಿಯಲಿಲ್ಲ. ಲಾಕ್‌ಡೌನಿನಲ್ಲಿ ಬಸ್ಸಿರಲಿಲ್ಲ, ಹಾಲಿನ ಗಾಡಿಯಲ್ಲಿ ಕ್ಯಾನುಗಳ ನಡುವೆ ಕುಳಿತು ಬಂದಿದ್ದಳು. ಮೂಗಿನ ಎರಡೂ ಕಡೆ ಕೆನ್ನೆ ಕೆಂಪೇರಿ ಉರಿಯುತ್ತಿತ್ತು. ಬೆರಳ ಗಿಣ್ಣುಗಳು ಊದಿದ್ದವು.

ಅವಳಿಗಿದ್ದದ್ದು ಲೂಪಸ್. ಮೈಯ ಕಾವಲೇ ಮೈಮೇಲೆ ತಿರುಗಿಬೀಳುವ ರೋಗ. ಮೊದಲು ಚರ್ಮ, ಬಿಟ್ಟರೆ ಮೂತ್ರಪಿಂಡ. ಬಳ್ಳಾರಿಯ ಚರ್ಮದ ಡಾಕ್ಟರು ರಶ್ಮಿ ಎಂಟು ವರ್ಷದ ಹಿಂದೆಯೇ ಹೇಳಿದ್ದರು: "ಒಂದ್ಹೊತ್ತು ಊಟ ಬಿಟ್ರೂ ಈ ಗುಳಿಗಿ ಬಿಡಬ್ಯಾಡ್ರಿ." ಅದೇ ಗುಳಿಗೆ ಕೊರೊನಾಗೂ ಮದ್ದೆಂದು ಟಿವಿಯಲ್ಲಿ ಅಂದದ್ದೇ ತಡ, ಗುಂಡುಕಲ್ಲಿನಂತಿದ್ದವರೆಲ್ಲ ಔಷಧಿ ಅಂಗಡಿಗೆ ಮುಗಿಬಿದ್ದರು. ಸಿರುಗುಪ್ಪದಲ್ಲಿ ಗುಳಿಗೆ ಸಿಗದಾಯಿತು. ಚೀಟಿ ಇಲ್ಲದೆ ಕೊಡಬಾರದೆಂದು ಆದೇಶ ಬಂತು. ಆಗ ಅಣ್ಣ ಚನ್ನಬಸವರಾಜ ಫೋನು ಮಾಡಿದ್ದ.

"ನಿನ್ನ ಚೀಟಿ ಫೋಟೋ ಕಳಸವ್ವ, ಬಳ್ಳಾರ್ಯಾಗ ಹುಡುಕಿ ತರ್ತೀನಿ."

ಕಳಿಸಿದಳು. ಮೂರು ವಾರ "ಗಾಡಿ ಸಿಗವಲ್ದು, ಇವತ್ತು ನಾಳೆ ಕಳಸ್ತೀನಿ" ಅಂದ. ನಿನ್ನೆ ಅವನ ಫೋಟೋ ಯಾರದೋ ಮೊಬೈಲಿನಿಂದ ಅವಳಿಗೆ ಬಂತು: ಹೆಗಲಿಗೆ ಶಲ್ಯ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ವಿಭೂತಿ, ಪಕ್ಕದಲ್ಲಿ ಪಟ್ಟಿಯಿಂದ ಎರಡೆರಡಾಗಿ ಕತ್ತರಿಸಿದ ಅವಳ ಗುಳಿಗೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬುದನ್ನು ಕೇಳಿದ್ದಳು. ಯಾರದೋ ರೋಗದ ಮೇಲೂ ಜಾತ್ರೆ ಮಾಡುತ್ತಾರೆಂದು ಗೊತ್ತಿರಲಿಲ್ಲ.

ಅಣ್ಣ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ.

"ನನ್ನ ಗುಳಿಗಿ ಎಲ್ಲಿ?"

"ಓಣಿಗೆಲ್ಲ ಮನಿಗೆರಡು ಹಂಚೀನಿ. ಜಡ್ಡು ಬಂದ್ರ ನುಂಗ್ರಿ ಅಂದೀನಿ. ನಿನಗೂ ಎರಡು ಇಟ್ಟೀನಿ."

ದಿನಕ್ಕೆ ಎರಡು ನುಂಗಬೇಕಾದವಳಿಗೆ ಎರಡು!

"ಹೋಗಿ ತಿರುಗಿ ಇಸ್ಕೊಂಡು ಬಾ."

"ಕೊಟ್ಟದ್ದನ್ನ ಬೇಡಾಕ ಹೋಗ್ಲೇನು? ಮಂದಿ ಏನಂದಾರು?"

"ತಂಗಿ ಸತ್ರ ಏನಂತಾರ, ಅದನ್ನೂ ಕೇಳ್ಕೊಂಡು ಬಾ."

ಬಿಸಿಲು ಅವಳ ಚರ್ಮಕ್ಕೆ ವಿಷ. ಅದು ಅಣ್ಣನಿಗೂ ಗೊತ್ತು. ಶಾಂಭವಿ ತಲೆಯ ಮೇಲಿನ ಸೆರಗು ತೆಗೆದು ಅಂಗಳದ ಬಿಸಿಲಿನಲ್ಲೇ ಕುಳಿತಳು. ಅಣ್ಣ ಅತ್ತ ಇತ್ತ ನೋಡಿದ, ತಟ್ಟೆ ಹಿಡಿದು ಎದುರು ಮನೆಗೆ ನಡೆದ.

"ಅವು ನನ್ನ ತಂಗಿ ಗುಳಿಗಿ, ವಾಪಸ್ ಕೊಡಬೇ," ಅಂತ ಬಾಗಿಲಲ್ಲೇ ನಿಂತು ತಟ್ಟೆ ಚಾಚಿದ.

ಎದುರು ಮನೆಯ ಕೊಟ್ರಬಸಮ್ಮ ಒಳಗಿನಿಂದ ತಂದುಕೊಟ್ಟಳು. "ನೀ ವಿಭೂತಿ ಜೋಡಿ ಕೊಟ್ಟಿ, ದೇವರ ಜಗಲಿ ಮ್ಯಾಲೆ ಇಟ್ಟಿದ್ದೆ. ದಿನಾ ಕೈ ಮುಗಿತೀನಿ. ನನಗೇನು ಜಡ್ಡಾಗೇತಿ, ನುಂಗಾಕ?"

ಮನೆಮನೆಯಲ್ಲೂ ಅದೇ ಕತೆ. ಶಾಂಭವಿ ಮೈ ಕೆರೆದುಕೊಂಡು ನರಳುತ್ತಿದ್ದಾಗ ಇಡೀ ಓಣಿ ಅವಳ ಔಷಧಿಗೆ ಪೂಜೆ ಮಾಡುತ್ತಿತ್ತು.

ತಟ್ಟೆ ತುಂಬಿಸಿಕೊಂಡು ಅಣ್ಣ ಬೆವರುತ್ತ ಬಂದ. "ಎಲ್ಲಾ ಮನಿವೂ ಬಂದ್ವು. ಇನ್ನರ ನೆಳ್ಳಿಗೆ ಏಳವ್ವ."

ಒಂದು ಗುಳಿಗೆ ಬಾಯಿಗೆ ಹಾಕಿಕೊಂಡು ಅವಳು ನೀರಿಗೆಂದು ಒಳಗೆ ಹೋದಳು. ಅಣ್ಣನ ಮನೆಯ ಜಗಲಿಯ ಮೇಲೆ, ಲಿಂಗದ ಹಿಂದೆ, ಕತ್ತರಿ ತಾಗದ ನಾಲ್ಕು ಪಟ್ಟಿ ಗುಳಿಗೆ ಇದ್ದವು.

"ಮನ್ಯಾಗ ಮಕ್ಕಳದಾರಲ್ಲ..." ಎಂದು ಬಾಗಿಲಲ್ಲಿ ನಿಂತ ಅಣ್ಣ ತೊದಲಿದ.

ಶಾಂಭವಿ ನೀರು ಕುಡಿದಳು. ನಾಲ್ಕೂ ಪಟ್ಟಿ ಚೀಲಕ್ಕೆ ಹಾಕಿಕೊಂಡು, ತಟ್ಟೆಯಿಂದ ಎರಡು ಗುಳಿಗೆಯ ಒಂದು ತುಂಡು ತೆಗೆದು ಜಗಲಿಯ ಮೇಲಿಟ್ಟಳು.

"ನಿನಗೂ ಎರಡು ಇಟ್ಟೀನಿ, ಅಣ್ಣಾ. ದಿನಾ ಕೈ ಮುಗಿ."