ಬೆರಳು ತೋರಿಸಿದ ಜಾಗ

"ಲೇ ಮುಂಡೆ, ಬೆರಳು ನೆಟ್ಟಗೆ ಇಡೇ! ಸೊಳ್ಳೆ ಓಡಿಸ್ತಿದೀಯೇನು?"

ಕ್ಯಾಮೆರಾದ ಹಿಂದಿನಿಂದ ಬಟ್ಟೆ ಒಗೆಯುವ ಕಾರ್ಖಾನೆಯ ಮೇಸ್ತ್ರಿ ಕೂಗಿದ. ಅಲ್ಲೇ ಇಸ್ತ್ರಿ ಹಾಕುವ ಇಸ್ತ್ರಿಯಕ್ಕ ಚರಂಡಿಯ ದಂಡೆಯ ಮೇಲೆ ನಿಂತು ಮತ್ತೆ ಬೆರಳು ಚಾಚಿದಳು.

"ಇಲ್ಲೇ ಸಾರ್. ಮೂರು ಜನ ಹೆಣ್ಮಕ್ಕಳೂ ಇಲ್ಲೇ ಸತ್ತು ಬಿದ್ದಿದ್ರು."

ಬೆರಳಿನ ತುದಿಗೆ ಹೊಸ ಸ್ಮಾರಕದ ಕಲ್ಲು. ಕೊಲೆಯಾದವರ ಹೆಸರು ಕೆಳಗೆ ಸಣ್ಣಗೆ, ಕಲ್ಲು ಹಾಕಿಸಿದ ಕಾರ್ಖಾನೆ ಧಣಿಯ ಹೆಸರು ಮೇಲೆ ದಪ್ಪಗೆ. ಬದುಕಿದವನಿಗಲ್ಲವೇ ಜಾಗ ಜಾಸ್ತಿ ಬೇಕಾದ್ದು! ಆ ಕೊಲೆಗಳ ಬಗ್ಗೆ ಚಿತ್ರ ತೆಗೆಯಲು ಬಂದ ಸಿನಿಮಾದವರು ಎಲ್ಲೆಲ್ಲಿ ಶೂಟಿಂಗ್ ಮಾಡಬೇಕೆಂದು ಹೇಳಿಕೊಟ್ಟವನೂ ಧಣಿಯೇ. ಈ ಕಲ್ಲು, ಈ ಚರಂಡಿ, ಆಚೆಯ ಸಾರಾಯಿ ಅಂಗಡಿ. ಕೇರಿಯ ಕುಡುಕರೇ ಕೊಂದರು ಎನ್ನುವುದಕ್ಕೆ ಅಷ್ಟು ಸಾಕಲ್ಲ. ಒಳಗೆ ಕೆಲಸ ನಡೆಯುತ್ತಿದ್ದರೂ ಕಾರ್ಖಾನೆಯ ಗೇಟಿಗೆ ಮಾತ್ರ ಹೊರಗಿನಿಂದ ಬೀಗ.

ಅಲ್ಲೇ ಕೆಲಸಕ್ಕಿದ್ದ ಆ ಮೂವರು ಸತ್ತದ್ದು ಗೇಟಿನೊಳಗೆ, ಬಾಯ್ಲರ್ ಕೋಣೆಯಲ್ಲಿ. ಅದು ಕೇರಿಯ ನಾಯಿಗೂ ಗೊತ್ತು. ಮೇಸ್ತ್ರಿ ಮೈಮೇಲೆ ಕೈ ಹಾಕುತ್ತಾನೆ ಎಂದು ಧಣಿಗೆ ದೂರು ಹೇಳಿದ್ದೇ ಮೂವರ ತಪ್ಪು. ಅವರು ಚೀರಿದ್ದು ಇಸ್ತ್ರಿಯಕ್ಕನಿಗೆ ಕೇಳಿತ್ತು. ಕೇಳಿಯೂ ಕೇಳದವಳ ಹಾಗೆ ತಲೆ ತಗ್ಗಿಸಿ ಇಸ್ತ್ರಿ ಒತ್ತಿದ್ದಳು. ಗಂಡ, ಮಗಳು, ಸೊಸೆ, ಎಲ್ಲರ ಅನ್ನವೂ ಅದೇ ಗೇಟಿನಿಂದ ಬರಬೇಕು. ಬಾಯಿ ಬಿಟ್ಟರೆ ಒಲೆಗೆ ನೀರು.

"ಚೆನ್ನಾಗಿ ಬಂತಮ್ಮಾ," ಎಂದ ಸಿನಿಮಾದವನು. "ಮೋಡ ಅಡ್ಡ ಬಂದ್ಬಿಡ್ತು. ಇನ್ನೊಂದ್ಸಲ?"

ಮತ್ತೆ ತೋರಿಸಿದಳು. ಯಾರೋ ಸೈಕಲ್ ಬೆಲ್ ಬಾರಿಸಿದರು. ಇನ್ನೊಂದು ಸಲ. ಸುಳ್ಳನ್ನು ಒಂದೇ ಸಲ ಹೇಳಿ ಉಗಿದುಬಿಡೋಣ ಎಂದುಕೊಂಡು ಬಂದಿದ್ದಳು. ಇದೆಂಥ ಕರ್ಮ, ಒಳ್ಳೇ ಬಿಸಿಲು ಬೀಳಲಿ ಅಂತ ಅದನ್ನೇ ಅಗಿಯುತ್ತಾ ನಿಲ್ಲಬೇಕಲ್ಲ! ನಾಚಿಕೆಗೆ ಅವಳ ಕಿವಿ ಸುಡುತ್ತಿತ್ತು.

ಕಲ್ಲಿನ ಪಕ್ಕ ಒಬ್ಬ ಮುದುಕಿ ಕೂತಿದ್ದಳು. ಸತ್ತವರಲ್ಲಿ ಕಿರಿಯವಳ ತಾಯಿ, ದೂರದ ಊರಿನವಳು. ಅವಳು ಇಸ್ತ್ರಿಯಕ್ಕನ ಸೆರಗು ಜಗ್ಗಿದಳು.

"ಈ ಹೊಲಸಲ್ಲೇನಾ ಮಗಾ ನನ್ನ ಕೂಸು ಸತ್ತಿದ್ದು? ಕಾಲಿಗೆ ಒಂಚೂರು ಕೆಸರು ಹತ್ತಿದ್ರೂ ಆಗ್ತಿರ್ಲಿಲ್ಲ ಅವಳಿಗೆ."

ಭೂಮಿ ಬಾಯಿ ಬಿಟ್ಟಿದ್ದರೆ ಇಸ್ತ್ರಿಯಕ್ಕ ಒಳಗೆ ಇಳಿದುಬಿಡುತ್ತಿದ್ದಳು.

"ಅವಳ ಹತ್ರ ಏನೇ ಮಾತು, ಹಲ್ಕಟ್!" ಮೇಸ್ತ್ರಿ ಹಲ್ಲು ಕಡಿದ. "ತೋರ್ಸು, ಮನೆಗೆ ಹೋಗು."

"ರೆಡಿ! ತೋರ್ಸಮ್ಮಾ!"

ಈ ಸಲ ಬೆರಳು ಕಲ್ಲನ್ನು ಬಿಟ್ಟು ಕಾರ್ಖಾನೆಯ ಚಿಮಣಿಯ ಕಡೆ ತಿರುಗಿತು.

"ಅಲ್ಲಿ ಅಜ್ಜೀ. ಬಾಯ್ಲರ್ ರೂಮಲ್ಲಿ. ಕೊಂದ್ಮೇಲೆ ಇಲ್ಲಿಗೆ ತಂದು ಎಸೆದ್ರು. ಇಗೋ, ಈ ಮೇಸ್ತ್ರೀನೇ. ನಿನ್ನ ಮಗಳು ಚೀರಿದ್ದು ನಂಗೆ ಕೇಳಿಸ್ತು. ಕೇಳಿಸ್ಕೊಂಡು ಸುಮ್ನಿದ್ದೆ."

"ಕಟ್! ಕಟ್ ಮಾಡ್ರೋ!" ಮೇಸ್ತ್ರಿ ಅರಚಿದ. ಸಿನಿಮಾದವನು ಕ್ಯಾಮೆರಾ ಆರಿಸಲಿಲ್ಲ.

ಮುದುಕಿ ಎದ್ದು ಇಸ್ತ್ರಿಯಕ್ಕನ ಕೆನ್ನೆಗೆ ಬಾರಿಸಿದಳು. ಆಮೇಲೆ ಅವಳ ರಟ್ಟೆ ಹಿಡಿದಳು.

"ನಡಿ, ತೋರ್ಸು."

ಒಳಗೆ ಗಂಡ, ಮಗಳು, ಸೊಸೆ ಕೆಲಸದಲ್ಲಿದ್ದರು. ಇಸ್ತ್ರಿಯಕ್ಕ ದಾರಿಯಲ್ಲಿ ಬಿದ್ದಿದ್ದ ದಪ್ಪ ಕಲ್ಲೊಂದನ್ನು ಎತ್ತಿಕೊಂಡು ಗೇಟಿನ ಬೀಗಕ್ಕೆ ಹೊಡೆಯತೊಡಗಿದಳು.